ಕೋಡಿಯ ಮೇಲೆ ಕಟ್ಟಿದ ಮನೆ

ಓಕೀಚೋಬಿ. ಹೆಸರು ನಾಲಿಗೆಗೆ ತೊಡಕು, ಅರ್ಥ ಸಲೀಸು. ಹಿಚಿಟಿ ಎಂಬ ಮೂಲನಿವಾಸಿಗಳ ನುಡಿಯಲ್ಲಿ ‘ಓಕಿ’ ಎಂದರೆ ನೀರು, ‘ಚೋಬಿ’ ಎಂದರೆ ದೊಡ್ಡದು. ನಮ್ಮವರು ಅಲ್ಲಿದ್ದಿದ್ದರೆ ದೊಡ್ಡಕೆರೆ ಎಂದು ಕರೆದು ಮುಂದಿನ ಕೆಲಸ ನೋಡುತ್ತಿದ್ದರು. ಅಮೆರಿಕದ ದಕ್ಷಿಣಕ್ಕಿರುವ ಫ್ಲಾರಿಡಾ ರಾಜ್ಯದ ಈ ಸರೋವರದ ಹರವು ಸುಮಾರು 1,900 ಚದರ ಕಿಲೋಮೀಟರ್. ತುಂಗಭದ್ರಾ ಜಲಾಶಯ ತುಂಬಿ ನಿಂತಾಗಿನ ಹರವಿನ ಐದು ಪಟ್ಟು. ಆಳ ಮಾತ್ರ ಸರಾಸರಿ 9 ಅಡಿ, ಎರಡಾಳು ನೀರೂ ಇಲ್ಲ. ಜೋರಾ ನೀಲ್ ಹರ್ಸ್ಟನ್ ಅವರ ‘ದೇರ್ ಐಸ್ ವರ್ ವಾಚಿಂಗ್ ಗಾಡ್’ ಕಾದಂಬರಿಯನ್ನು ಕೈಗೆತ್ತಿಕೊಳ್ಳುವವರು ಈ ಎರಡು ಅಂಕಿಗಳನ್ನು ಮೊದಲೇ ತಲೆಯಲ್ಲಿಟ್ಟುಕೊಂಡರೆ ಒಳ್ಳೆಯದು. ಪುಸ್ತಕದ ಕೊನೆಯ ಭಾಗ ಆಗ ಬೇರೆಯೇ ಆಗಿ ಕಾಣುತ್ತದೆ.

1937ರಲ್ಲಿ ಬಂದ ಈ ಕಾದಂಬರಿಯನ್ನು, ಹೆಣ್ಣೊಬ್ಬಳು ತನ್ನ ದನಿಯನ್ನು ತಾನೇ ಕಂಡುಕೊಂಡ ಕಥೆ ಎಂದು ಓದುವುದು ವಾಡಿಕೆ. ಆ ಓದು ತಪ್ಪಲ್ಲ. ಜೇನೀ ಕ್ರಾಫರ್ಡ್ ಎಂಬ ಕಪ್ಪು ಹುಡುಗಿ ಹದಿನಾರರ ಹರೆಯದಲ್ಲಿ ಹಿತ್ತಿಲ ಪಿಯರ್ ಮರದಡಿ ಮಲಗಿ, ಹೂವಿಗೆ ಜೇನುಹುಳ ಇಳಿಯುವುದನ್ನು ನೋಡುತ್ತಾಳೆ. ಮದುವೆ ಅಂದರೆ ಇದು ಎಂದು ಅವಳಿಗೆ ಅನಿಸಿಬಿಡುತ್ತದೆ. (ಅವಳ ಹೆಸರು ಕನ್ನಡದ ಕಿವಿಗೆ ಜೇನಿನಂತೆ ಕೇಳಿಸುವುದು ಬರಿಯ ಆಕಸ್ಮಿಕ, ಕನ್ನಡಕ್ಕೆ ತರುವವರಿಗೆ ಪುಕ್ಕಟೆ ಸಿಕ್ಕ ಲಾಭ.) ಗುಲಾಮಗಿರಿಯನ್ನು ಮೈಯಾರೆ ಕಂಡಿದ್ದ ಅಜ್ಜಿಗೆ ಹೂವು, ಜೇನು ಯಾವುದೂ ಬೇಡ, ಮೊಮ್ಮಗಳಿಗೊಂದು ಆಸರೆ ಬೇಕು. ಅರವತ್ತು ಎಕರೆಯ ಒಡೆಯ ಲೋಗನ್ ಕಿಲಿಕ್ಸ್‌ಗೆ ಕಟ್ಟುತ್ತಾಳೆ. ಅಲ್ಲಿಂದ ಜೇನೀ ಜೋ ಸ್ಟಾರ್ಕ್ಸ್ ಎಂಬ ಮಾತಿನಮಲ್ಲನ ಜೊತೆ ಓಡಿಹೋಗುತ್ತಾಳೆ. ಅವನು ಈಟನ್‌ವಿಲ್ ಎಂಬ ಕಪ್ಪು ಜನರದೇ ಊರಿನ ಮೇಯರ್ ಆಗಿ, ಅಂಗಡಿ ಇಟ್ಟು, ಹೆಂಡತಿಯ ಕೂದಲನ್ನು ಇಪ್ಪತ್ತು ವರ್ಷದ ಹತ್ತಿರ ಬಟ್ಟೆಯಲ್ಲಿ ಕಟ್ಟಿಸಿಡುತ್ತಾನೆ. ಅವನು ಸತ್ತ ಮೇಲೆ, ನಲವತ್ತರ ಆಸುಪಾಸಿನ ಈ ವಿಧವೆಯ ಬಾಳಿಗೆ ಅವಳಿಗಿಂತ ಹನ್ನೆರಡು ವರ್ಷಕ್ಕೆ ಚಿಕ್ಕವನಾದ ಟೀ ಕೇಕ್ ಬರುತ್ತಾನೆ. ಇಬ್ಬರೂ ಮದುವೆಯಾಗಿ ಓಕೀಚೋಬಿಯ ದಡಕ್ಕೆ, ‘ಮಕ್’ ಎಂದು ಎಲ್ಲರೂ ಕರೆಯುವ ಕಪ್ಪು ನೆಲಕ್ಕೆ, ಹುರುಳಿಕಾಯಿ ಬಿಡಿಸುವ ಕೂಲಿಗೆ ಹೋಗುತ್ತಾರೆ.

ಇಲ್ಲಿಂದ ಮುಂದೆ ಇದು ಪ್ರೀತಿಯ ಕಥೆಯಷ್ಟೇ ಮಣ್ಣಿನ, ಏರಿಯ, ಗಾಳಿಯ ಕಥೆಯೂ ಹೌದು. ಹರ್ಸ್ಟನ್ ಮಾನವಶಾಸ್ತ್ರ ಓದಿದ್ದವರು. ಫ್ರಾನ್ಜ್ ಬೋಆಸ್ ಅವರ ಶಿಷ್ಯೆ. ಈಟನ್‌ವಿಲ್ ಅವರು ಬೆಳೆದ ಊರು. 1935ರಲ್ಲಿ ಜನಪದ ಹಾಡುಗಳ ಸಂಗ್ರಾಹಕ ಅಲನ್ ಲೋಮ್ಯಾಕ್ಸ್ ಜೊತೆ, ಕೆರೆಯ ದಡದ ಬೆಲ್ ಗ್ಲೇಡ್ ಊರಿನ ಸುತ್ತಮುತ್ತ ಕೂಲಿಕಾರರ ಹಾಡುಗಳನ್ನು ಧ್ವನಿಮುದ್ರಿಸಿಕೊಂಡವರು. ಕಾದಂಬರಿ ಬರೆದದ್ದು 1936ರಲ್ಲಿ, ಹೈಟಿಯಲ್ಲಿ, ಏಳೇ ವಾರಗಳಲ್ಲಿ. ಬರೆದ ವೇಗ ನೋಡಿ ಇದು ಭಾವಾವೇಶದ ಬರಹ ಎಂದುಕೊಂಡವರುಂಟು. ಒಂದೊಂದೇ ವಿವರ ಹಿಡಿದು ತಾಳೆ ನೋಡಿದರೆ, ಕ್ಷೇತ್ರಕಾರ್ಯದ ಟಿಪ್ಪಣಿ ಪುಸ್ತಕವೇ ಒಳಗೆ ಕೂತಿರುವುದು ಗೊತ್ತಾಗುತ್ತದೆ.

ಮೊದಲು ಮಣ್ಣು. ‘ಮಕ್’ ಎಂಬ ಪದಕ್ಕೆ ಕನ್ನಡದಲ್ಲಿ ಏನೆನ್ನಬೇಕು? ಕಪ್ಪು ಮಣ್ಣು ಅಂದಕೂಡಲೇ ನಮಗೆ ಎರೆ ಹೊಲ ನೆನಪಾಗುತ್ತದೆ. ಎರೆ ಅಲ್ಲ ಇದು. ಎರೆಯಲ್ಲಿರುವುದು ಜೇಡಿ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆಗೆ ಉಬ್ಬುತ್ತದೆ, ಬೆಂಕಿ ಇಟ್ಟರೆ ಉರಿಯುವುದಿಲ್ಲ. ಮಕ್ ಉರಿಯುತ್ತದೆ. ಯಾಕೆಂದರೆ ಅದು ಹೆಚ್ಚೂಕಡಿಮೆ ಬರೀ ಗಿಡದ ಶೇಷ. ಓಕೀಚೋಬಿಯ ತೆಂಕಣಕ್ಕೆ ಎವರ್‌ಗ್ಲೇಡ್ಸ್ ಎಂಬ ಮಹಾ ಜೌಗು ಹಬ್ಬಿದೆ. ಅಲ್ಲಿ ಬೆಳೆಯುವುದು ಸಾಗ್ರಾಸ್, ಗರಗಸದ ಹುಲ್ಲು. ಹೆಸರಿಗೆ ಹುಲ್ಲು, ಕುಲದಲ್ಲಿ ನಮ್ಮ ಗದ್ದೆಯ ಜೇಕಿನ ಬಳಗ. ಎಲೆಯಂಚಿಗೆ ಸಣ್ಣ ಸಣ್ಣ ಹಲ್ಲು, ಬರಿಗೈಯಲ್ಲಿ ಎಳೆದರೆ ಅಂಗೈ ಸೀಳುತ್ತದೆ. ಸತ್ತ ಎಲೆ, ಬೇರು ನೀರಿನಡಿ ಬೀಳುತ್ತವೆ. ನಿಂತ ನೀರಿನ ತಳದಲ್ಲಿ ಆಮ್ಲಜನಕ ಇಲ್ಲದ ಕಾರಣ ಪೂರ್ತಿ ಕೊಳೆಯುವುದಿಲ್ಲ. ಮುಂದಿನ ವರ್ಷದ್ದು ಮೇಲೆ ಬೀಳುತ್ತದೆ. ಹೀಗೆ ಸುಮಾರು 5,000 ವರ್ಷ. ಕೆಳಗೆ ಸುಣ್ಣಕಲ್ಲಿನ ಹಾಸು, ಮೇಲೆ ಆಳು ಮುಳುಗುವಷ್ಟು ಕಪ್ಪು ಪದರ.

ನೀರು ಬಸಿದುಹೋದ ದಿನವೇ ಈ ಮಣ್ಣಿನ ಆಯುಸ್ಸು ಕಡಿಮೆಯಾಗಲು ಶುರು. ಗಾಳಿ ಒಳಹೊಕ್ಕಿತೆಂದರೆ ಸೂಕ್ಷ್ಮಜೀವಿಗಳು ಮಣ್ಣನ್ನೇ ತಿನ್ನುತ್ತವೆ. ಐದು ಸಾವಿರ ವರ್ಷದ ಬಾಕಿ ಊಟವನ್ನು ಒಂದೇ ಶತಮಾನದಲ್ಲಿ ಮುಗಿಸುವ ಆತುರ ಅವಕ್ಕೆ. ಬೆಲ್ ಗ್ಲೇಡ್‌ನ ಕೃಷಿ ಸಂಶೋಧನಾ ಕೇಂದ್ರದಲ್ಲಿ 1924ರಲ್ಲಿ 9 ಅಡಿಯ ಕಾಂಕ್ರೀಟ್ ಕಂಬವೊಂದನ್ನು ಕೆಳಗಿನ ಸುಣ್ಣಕಲ್ಲು ತಾಗುವವರೆಗೆ ಇಳಿಸಿದರು. ಅಂದು ಅದರ ತಲೆ ನೆಲದ ಮಟ್ಟಕ್ಕಿತ್ತು. ಇಂದು ಆರಡಿಗೂ ಹೆಚ್ಚು ಹೊರಗೆ ನಿಂತಿದೆ. ಕಂಬ ಮೇಲೆದ್ದಿಲ್ಲ, ನೆಲ ಕೆಳಗಿಳಿದಿದೆ. ಆರಂಭದ ದಶಕಗಳ ಲೆಕ್ಕ, ವರ್ಷಕ್ಕೆ ಸರಿಸುಮಾರು ಒಂದು ಅಂಗುಲ. ಟೀ ಕೇಕ್ ಮತ್ತು ಜೇನೀ ಹುರುಳಿಕಾಯಿ ಬಿಡಿಸುತ್ತಿದ್ದಾಗ ಅವರ ಕಾಲಡಿಯ ನೆಲ ಕೆರೆಯ ಮಟ್ಟಕ್ಕೆ ಹೋಲಿಸಿದರೆ ದಿನದಿನಕ್ಕೆ ತಗ್ಗಾಗುತ್ತಿತ್ತು. ಏರಿಯ ಹಿಂದಿನ ನೆಲ ತಗ್ಗಾದಷ್ಟೂ ಏರಿಯ ಮೇಲಿನ ಹೊರೆ ಹೆಚ್ಚು. ಕಾದಂಬರಿ ಈ ಮಾತನ್ನು ಎಲ್ಲೂ ಆಡುವುದಿಲ್ಲ, ಆಡಬೇಕಾಗಿಯೂ ಇಲ್ಲ.

ಮತ್ತೊಂದು ಸಂಗತಿ ನಮ್ಮ ಅಡಿಕೆ ತೋಟದವರಿಗೆ ಬೇಗ ಅರ್ಥವಾದೀತು. ಮಕ್ ಎಲ್ಲ ಕಡೆ ಒಂದೇ ಸಮ ಇರಲಿಲ್ಲ. ಕೆರೆಯ ತೆಂಕಣ ದಡಕ್ಕೆ ಒತ್ತಿಕೊಂಡಂತೆ ಎರಡು ಮೂರು ಮೈಲಿ ಅಗಲದ ಕಾಡಿನ ಪಟ್ಟಿಯೊಂದಿತ್ತು. ಅಲ್ಲಿದ್ದದ್ದು ನಮ್ಮ ಸೀತಾಫಲ, ರಾಮಫಲಗಳ ದಾಯಾದಿಯಾದ ನೀರು ಸೀತಾಫಲದ ಮರಗಳು. ಕೆರೆ ಉಕ್ಕಿದಾಗಲೆಲ್ಲ ಅದರ ಮೆಕ್ಕಲು ಈ ಮರಗಳ ಬುಡದಲ್ಲಿ ತಂಗುತ್ತಿತ್ತು. ಹಾಗಾಗಿ ಈ ಪಟ್ಟಿಯಲ್ಲಿ ಖನಿಜಾಂಶ ಹೇರಳ. ಕಾಡು ಕಡಿದು ಬೀಜ ಚೆಲ್ಲಿದರೆ ಸಾಕು, ಬೆಳೆ. ಇನ್ನೂ ತೆಂಕಣಕ್ಕೆ ಸರಿದರೆ ಶುದ್ಧ ಸಾಗ್ರಾಸ್ ಮಣ್ಣು. ನೋಡಲು ಅಷ್ಟೇ ಕಪ್ಪು, ಆದರೆ ಗಿಡ ಹುಟ್ಟಿ, ಹಳದಿಯಾಗಿ, ಸತ್ತುಹೋಗುತ್ತಿತ್ತು. ಭೂಮಿ ಕೊಂಡ ಎಷ್ಟೋ ಜನ ಅಲ್ಲಿ ದಿವಾಳಿಯಾದರು. ಕೊರತೆ ಯಾವುದರದು ಎಂಬುದು 1927ರ ಸುಮಾರಿಗೆ ಬೆಲ್ ಗ್ಲೇಡ್‌ನ ಅದೇ ಕೇಂದ್ರದಲ್ಲಿ ತಿಳಿಯಿತು: ತಾಮ್ರ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡಲು ನಾವು ಸುಣ್ಣದ ಜೊತೆ ಕಲಸುವ ಮೈಲುತುತ್ತವನ್ನು ಅವರು ಮಣ್ಣಿಗೆ ಹಾಕಿದರು, ಬೆಳೆ ಎದ್ದು ನಿಂತಿತು. ಆದರೆ 1928ರ ಹೊತ್ತಿಗೆ ಊರುಗಳೆಲ್ಲ ಆಗಲೇ ಕೂತುಬಿಟ್ಟಿದ್ದವು, ಫಲವತ್ತಾದ ದಡದ ಪಟ್ಟಿಯಲ್ಲಿ, ಏರಿಯ ನೆರಳಿನಲ್ಲಿ. ಯಾವ ನೆಲ ಅನ್ನ ಕೊಡುತ್ತಿತ್ತೋ ಅದೇ ನೆಲ ಕೆರೆಗೆ ಅತಿ ಹತ್ತಿರ.

ಈಗ ಏರಿ. ಕೆರೆಯ ಬಗ್ಗೆ ಕನ್ನಡಿಗರಿಗೆ ಪಾಠ ಹೇಳಬೇಕಿಲ್ಲ. ಏರಿ, ತೂಬು, ಕೋಡಿ, ಈ ಮೂರಿಲ್ಲದೆ ಕೆರೆಯಿಲ್ಲ. ತೂಬು ಗದ್ದೆಗೆ, ಕೋಡಿ ಜೀವಕ್ಕೆ. ಕೋಡಿಯ ಮಟ್ಟ ಏರಿಯ ತಲೆಗಿಂತ ಕೆಲವು ಅಡಿ ಕೆಳಗಿರಬೇಕು. ನೀರು ಏರಿಯ ಮೇಲೆ ಹತ್ತಿತೋ, ಹರಿವ ನೀರು ಹಿಂಬದಿಯ ಮಣ್ಣನ್ನು ಕೊರೆದುಕೊಂಡು ಒಂದು ಗೇಣು ಸೀಳನ್ನು ಗಂಟೆಯೊಳಗೆ ಬಾಗಿಲಷ್ಟು ಮಾಡುತ್ತದೆ. ಕೋಡಿಯ ದಾರಿಯಲ್ಲಿ ಮನೆ ಕಟ್ಟಬಾರದೆಂಬುದು ಹಳ್ಳಿಯ ಮಕ್ಕಳಿಗೂ ಗೊತ್ತು. (ಬೆಂಗಳೂರಿನ ಬಡಾವಣೆಗಳ ಮಾತು ಬೇರೆ.)

ಓಕೀಚೋಬಿಗೆ ಮನುಷ್ಯರು ಕಟ್ಟಿದ ಕೋಡಿ ಇರಲಿಲ್ಲ, ಪ್ರಕೃತಿಯೇ ಒಂದನ್ನು ಇಟ್ಟಿತ್ತು. ಇಡೀ ತೆಂಕಣ ದಡವೇ ಅದರ ಕೋಡಿ. ಮಳೆಗಾಲದಲ್ಲಿ ಕೆರೆ ತುಂಬಿದರೆ ನೀರು ಆ ಸೀತಾಫಲದ ಕಾಡಿನ ಮೂಲಕ ಉಕ್ಕಿ, ತೆಳ್ಳಗೆ ಹಾಸಿಕೊಂಡು, ಸಾಗ್ರಾಸಿನ ನಡುವೆ ಸಮುದ್ರದ ಕಡೆಗೆ ತೆವಳುತ್ತಿತ್ತು. ಇಳಿಜಾರು ಮೈಲಿಗೆ ಸುಮಾರು 2 ಅಂಗುಲ. ಹರಿಯುತ್ತಿದೆ ಎಂದು ಕಣ್ಣಿಗೆ ತೋರುವುದೇ ಇಲ್ಲ. 1881ರಲ್ಲಿ ಹ್ಯಾಮಿಲ್ಟನ್ ಡಿಸ್ಟನ್ ಎಂಬ ಫಿಲಡೆಲ್ಫಿಯಾದ ಉದ್ಯಮಿ ಎಕರೆಗೆ 25 ಸೆಂಟ್‌ನಂತೆ 40 ಲಕ್ಷ ಎಕರೆ ಕೊಂಡು ಬಸಿಗಾಲುವೆಗೆ ಕೈಹಾಕಿದ. 1905ರಲ್ಲಿ ಗವರ್ನರ್ ಆದ ನೆಪೋಲಿಯನ್ ಬೊನಪಾರ್ಟ್ ಬ್ರೋವರ್ಡ್ (ಹೌದು, ಹೆಸರೇ ಹಾಗೆ) ಜೌಗನ್ನು ಒಣಗಿಸಿಯೇ ಸಿದ್ಧ ಎಂದು ಕಾಲುವೆಗಳನ್ನು ತೋಡಿಸಿದ. ಅಷ್ಟು ಸಪಾಟು ನೆಲದಲ್ಲಿ ಕಾಲುವೆಯ ನೀರಿಗೆ ಓಟವೇ ಇಲ್ಲ. ಮಳೆಗಾಲದಲ್ಲಿ ಬರುವ ನೀರಿಗೂ ಹೋಗುವ ನೀರಿಗೂ ತಾಳೆಯೇ ಆಗಲಿಲ್ಲ. ಉಳಿದ ಉಪಾಯ, ದಡದುದ್ದಕ್ಕೂ ಏರಿ. 1920ರ ದಶಕದಲ್ಲಿ ಅದನ್ನೂ ಹಾಕಿದರು: 5ರಿಂದ 9 ಅಡಿ ಎತ್ತರ, ಪಕ್ಕದಲ್ಲೇ ಸಿಕ್ಕಿದ ಮಣ್ಣು. ಅಂದರೆ ಬಹುಪಾಲು ಅದೇ ಮಕ್.

ನಮ್ಮ ಕೆರೆ ಕಟ್ಟುವವರು ಏರಿಯ ನಡುವೆ ಜೇಡಿ ತುಂಬಿ ತುಳಿಸುತ್ತಿದ್ದರು, ನೀರಿನ ಮಗ್ಗುಲಿಗೆ ಕಲ್ಲು ಹೊದಿಸುತ್ತಿದ್ದರು. ಅಲೆಗೆ ಮಣ್ಣು ಕರಗಬಾರದು, ಒಳಗೆ ನೀರು ಜಿನುಗಬಾರದು ಎಂಬ ಎರಡು ಭಯಕ್ಕೆ ಎರಡು ಮದ್ದು. ಮಕ್‌ಗೆ ಈ ಎರಡೂ ಗುಣ ಇಲ್ಲ. ಒಣಗಿದರೆ ಹಗುರ, ಪುಡಿ, ನೆನೆದರೆ ಸ್ಪಂಜು. ನೀರಿನ ಒತ್ತಡವನ್ನು ಏರಿ ತಡೆಯುವುದು ತನ್ನ ಭಾರದಿಂದ, ಮಕ್‌ಗೆ ಆ ಭಾರವೇ ಇಲ್ಲ. 1926ರ ಸೆಪ್ಟೆಂಬರ್‌ನಲ್ಲಿ ಮಯಾಮಿಯನ್ನು ಹೊಡೆದ ಚಂಡಮಾರುತಕ್ಕೆ ಪಶ್ಚಿಮ ದಡದ ಮೂರ್ ಹೇವನ್ ಬಳಿ ಏರಿ ಒಡೆದು ನೂರಾರು ಜನ ಸತ್ತರು. ಆಮೇಲೂ ಕೆರೆಯ ಸುತ್ತ ಅಂಥದ್ದೇ ಏರಿ ಉಳಿಯಿತು. ನೀರಿನ ಮಟ್ಟ ಎಷ್ಟಿಡಬೇಕು ಎಂಬ ಜಗಳವೂ ಉಳಿಯಿತು. ಬೇಸಾಯಕ್ಕೆ ಒಂದು ಮಟ್ಟ, ದೋಣಿ ಸಂಚಾರಕ್ಕೆ ಇನ್ನೊಂದು. ನಮ್ಮಲ್ಲಾದರೆ ಒಬ್ಬ ನೀರಗಂಟಿ ಇರುತ್ತಿದ್ದ, ಬೈಯಲಿಕ್ಕಾದರೂ ಒಬ್ಬ ಸಿಗುತ್ತಿದ್ದ.

ಇಂಥ ಕಡೆ ಬಂದಿಳಿದ ಟೀ ಕೇಕ್‌ಗೆ ಕೆಲಸದ ಚಾಲಾಕಿತನ ಗೊತ್ತು. ಸುಗ್ಗಿಯ ಜನ ನುಗ್ಗುವ ಮೊದಲೇ ಬಂದರೆ ಮಾತ್ರ ಇರಲು ಕೋಣೆ, ಒಳ್ಳೆಯ ಮಾಲೀಕನ ಕೆಲಸ ಸಿಗುತ್ತದೆಂದು ಮುಂಚಿತವಾಗಿ ಬರುತ್ತಾನೆ. ಹಗಲು ಹುರುಳಿಕಾಯಿ, ರಾತ್ರಿ ಜೂಜು, ಗಿಟಾರು. ಬಿಡುವಿದ್ದಾಗ ಜೇನೀಗೆ ಬಂದೂಕು ಹಿಡಿಯಲು ಕಲಿಸುತ್ತಾನೆ, ಗುರಿಯಲ್ಲಿ ಅವಳು ಅವನನ್ನೇ ಮೀರಿಸುತ್ತಾಳೆ. ಜೋ ಸ್ಟಾರ್ಕ್ಸ್‌ನ ಅಂಗಡಿಯಲ್ಲಿ ಬಾಯಿ ಮುಚ್ಚಿ ಕೂತಿದ್ದವಳು ಇಲ್ಲಿ ಒರಟು ದುಡಿಮೆಯ ಬಟ್ಟೆ ತೊಟ್ಟು ಗಂಡನ ಪಕ್ಕದ ಸಾಲಿನಲ್ಲಿ ಕಾಯಿ ಬಿಡಿಸುತ್ತಾಳೆ, ಸಂಜೆ ಬಾಗಿಲಲ್ಲಿ ಕೂತು ದೊಡ್ಡ ದೊಡ್ಡ ಕಥೆ ಹೊಡೆಯುತ್ತಾಳೆ. ಟೀ ಕೇಕ್ ದೇವರಂಥವನೇನೂ ಅಲ್ಲ. ಮದುವೆಯಾದ ಹೊಸದರಲ್ಲಿ ಅವಳ 200 ಡಾಲರ್ ಎತ್ತಿಕೊಂಡು ಹೋಗಿ ಔತಣ ಮಾಡಿದವನು; ಒಮ್ಮೆ, ಅವಳು ತನ್ನವಳೆಂದು ನಾಲ್ಕು ಜನಕ್ಕೆ ತೋರಿಸಲು ಅವಳ ಮೇಲೆ ಕೈ ಮಾಡಿದವನು. ಹರ್ಸ್ಟನ್ ಆ ಏಟನ್ನು ಮುಚ್ಚಿಡುವುದಿಲ್ಲ, ಖಂಡಿಸುವುದೂ ಇಲ್ಲ. ಇಂದಿನ ಓದುಗರಿಗೆ ಈ ಪುಸ್ತಕದಲ್ಲಿ ಗಂಟಲಲ್ಲಿ ಸಿಕ್ಕಿಕೊಳ್ಳುವ ಪುಟ ಅದು, ಸಿಕ್ಕಿಕೊಳ್ಳಲೂಬೇಕು.

ಎರಡನೇ ವರ್ಷದ ಸುಗ್ಗಿಯ ಹೊತ್ತಿಗೆ ಅಲ್ಲಿನ ಮೂಲನಿವಾಸಿಗಳಾದ ಸೆಮಿನೋಲ್ ಜನರು ಸಾಲುಗಟ್ಟಿ ಮೂಡಣಕ್ಕೆ ನಡೆದುಹೋಗುವುದನ್ನು ಜೇನೀ ನೋಡುತ್ತಾಳೆ. ಎಲ್ಲಿಗೆ ಎಂದರೆ ಎತ್ತರದ ನೆಲಕ್ಕೆ ಎನ್ನುತ್ತಾರೆ. ಸಾಗ್ರಾಸ್ ಹೂ ಬಿಟ್ಟಿದೆ, ಬಿರುಗಾಳಿ ಬರುತ್ತದೆ. ಆಮೇಲೆ ಮೊಲಗಳು, ಹಾವುಗಳು, ಜಿಂಕೆಗಳು ಅದೇ ದಿಕ್ಕಿಗೆ. ಹೂವನ್ನು ನಂಬುವುದು ಬಿಡುವುದು ಓದುಗರಿಗೆ ಬಿಟ್ಟದ್ದು. ಅವರು ಹಿಡಿದ ದಿಕ್ಕು ಮಾತ್ರ ಸರಿಯಾದದ್ದು, ಏಕೆಂದರೆ ಕೆರೆಗೂ ಕಡಲಿಗೂ ನಡುವೆ ಒಂದಿಷ್ಟು ಎತ್ತರವಿರುವುದು ಮೂಡಣದ ಕರಾವಳಿಯ ದಿಣ್ಣೆಯಲ್ಲೇ. ಬಹಾಮಾದ ಗೆಳೆಯನೊಬ್ಬ ಕಾರಿನಲ್ಲಿ ಜಾಗ ಇದೆ, ಬನ್ನಿ ಎಂದು ಕರೆಯುತ್ತಾನೆ. ಟೀ ಕೇಕ್ ಒಲ್ಲೆ ಎನ್ನುತ್ತಾನೆ. ಅವನ ವಾದ ಕೇಳಿ: ಕೂಲಿ ಚೆನ್ನಾಗಿ ಸಿಗುತ್ತಿದೆ, ದೊಡ್ಡ ಮನೆಯ ಬಿಳಿಯರು ಕದಲಿಲ್ಲ, ಇಂಡಿಯನ್ನರಿಗೆ ಅಷ್ಟು ಬುದ್ಧಿಯಿದ್ದಿದ್ದರೆ ದೇಶ ಇನ್ನೂ ಅವರ ಕೈಯಲ್ಲೇ ಇರುತ್ತಿತ್ತು. ದೊಡ್ಡ ಮನೆಯವರಿಗೆ ಭಯವಿಲ್ಲದ ಮೇಲೆ ಗುಡಿಸಲಿನವರಿಗೇಕೆ ಎಂದು ಕೂಲಿಕೇರಿ ಯೋಚನೆಯನ್ನೇ ಅವರಿಗೆ ಒಪ್ಪಿಸಿಬಿಟ್ಟಿತ್ತು ಎಂಬರ್ಥದ ಮಾತನ್ನು ಹರ್ಸ್ಟನ್ ಬರೆಯುತ್ತಾರೆ. ಪುಸ್ತಕದ ಹೆಸರಿನಲ್ಲಿ ಜನರ ಕಣ್ಣು ದೇವರ ಕಡೆ ತಿರುಗುವುದು ಇದೆಲ್ಲ ಆದ ಮೇಲೆ, ಕತ್ತಲಲ್ಲಿ, ತಡವಾಗಿ. ಅದಕ್ಕೆ ಮೊದಲು ಆ ಕಣ್ಣುಗಳು ಮಾಲೀಕರ ಕಿಟಕಿಯ ದೀಪವನ್ನೇ ನೋಡುತ್ತಿದ್ದವು.

ಕಾದಂಬರಿ ಇಸವಿ ಹೇಳದಿದ್ದರೂ ಬಿರುಗಾಳಿ ಯಾವುದೆಂಬುದರಲ್ಲಿ ಅನುಮಾನವಿಲ್ಲ. 1928ರ ಸೆಪ್ಟೆಂಬರ್ 13ರಂದು ಪೋರ್ಟೊ ರಿಕೊವನ್ನು ಹಾದು, 16ರ ಭಾನುವಾರ ಸಂಜೆ ವೆಸ್ಟ್ ಪಾಮ್ ಬೀಚ್ ಬಳಿ ದಡ ಹತ್ತಿತು. ಅಲ್ಲಿ ದಾಖಲಾದ ವಾಯುಭಾರ 929 ಮಿಲಿಬಾರ್. ಕೆರೆ ಅಲ್ಲಿಂದ ಒಳನಾಡಿಗೆ ಸುಮಾರು 40 ಮೈಲಿ. ಅಲ್ಲಿನವರಿಗೆ ಎಚ್ಚರಿಕೆ ಬಂದೇ ಇರಲಿಲ್ಲ ಎನ್ನುವಂತಿಲ್ಲ. ಬೆಳಗ್ಗೆಯೇ ಸುದ್ದಿ ತಲುಪಿ ಹಲವರು ಮನೆ ಬಿಟ್ಟಿದ್ದರು. ಹೇಳಿದ ಹೊತ್ತಿಗೆ ಗಾಳಿ ಬರಲಿಲ್ಲ, ತಪ್ಪಿಹೋಯಿತೆಂದು ವಾಪಸಾದರು. ಅದು ಬಂದದ್ದು ರಾತ್ರಿ.

ಅಗಲವಾದ ತಟ್ಟೆಯಲ್ಲಿ ಸಾರು ಬಿಟ್ಟುಕೊಂಡು ಒಂದು ಕಡೆಯಿಂದ ಊದಿ ನೋಡಿ, ಎದುರಂಚಿನಲ್ಲಿ ಏರುತ್ತದೆ. ಚೊಂಬಿನ ನೀರನ್ನು ಊದಿದರೆ ಅಷ್ಟು ಏರುವುದಿಲ್ಲ. ಆಳವಿದ್ದರೆ ಮೇಲೆ ತಳ್ಳಿದ ನೀರು ಕೆಳಗಿನಿಂದ ಹಿಂದಿರುಗಲು ದಾರಿ ಸಿಗುತ್ತದೆ. ತೆಳ್ಳಗಿದ್ದರೆ ಸಿಗುವುದಿಲ್ಲ, ನೀರು ಒಂದೇ ಕಡೆ ಪೇರುತ್ತದೆ. ಲೆಕ್ಕ ಹೀಗೆ: ಗಾಳಿಯ ವೇಗ ಎರಡು ಪಟ್ಟಾದರೆ ಏರಿಕೆ ನಾಲ್ಕು ಪಟ್ಟು, ಗಾಳಿ ನೀರಿನ ಮೇಲೆ ಓಡುವ ದೂರ ಎರಡು ಪಟ್ಟಾದರೆ ಏರಿಕೆಯೂ ಎರಡು ಪಟ್ಟು, ಆಳ ಅರ್ಧವಾದರೂ ಎರಡು ಪಟ್ಟು. ಹರವು ದೊಡ್ಡದು, ಆಳ ಕಡಿಮೆ ಎಂಬ ಆ ಎರಡು ಅಂಕಿಗಳು ಕೆಲಸ ಮಾಡುವುದು ಇಲ್ಲಿ. ಉತ್ತರಾರ್ಧಗೋಳದ ಚಂಡಮಾರುತ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತದೆ. ಸುಳಿಯ ಕೇಂದ್ರ ಕಡಲ ಕಡೆಯಿಂದ ಬರುತ್ತಿದ್ದಷ್ಟು ಹೊತ್ತು ಕೆರೆಯ ಮೇಲೆ ಬಡಗಣ ಗಾಳಿ, ಇಡೀ ಕೆರೆಯನ್ನು ತೆಂಕಣ ಏರಿಗೆ ಒತ್ತುವ ಗಾಳಿ. ಆ ಬೇಸಿಗೆಯ ಭಾರಿ ಮಳೆಗೆ ಕೆರೆ ಮೊದಲೇ ತುಂಬಿತ್ತು. ನೀರು ಏರಿ ಹತ್ತಿತು, ಮಕ್ ಕರಗಿತು. ಕೆಲವೆಡೆ ನೀರು 20 ಅಡಿಯವರೆಗೆ ನಿಂತಿತೆಂದು ದಾಖಲೆ. ಕೇಂದ್ರ ದಾಟಿದ ಮೇಲೆ ಗಾಳಿ ತಿರುಗಿ, ಬಡಗಣ ದಡದ ಊರುಗಳಿಗೂ ನೀರು ನುಗ್ಗಿತು. ಫ್ಲಾರಿಡಾದಲ್ಲಿ ಸತ್ತವರು 1,836 ಎಂದು ಬಹುಕಾಲ ಬರೆದುಕೊಂಡಿದ್ದರು. 2003ರಲ್ಲಿ ಅಮೆರಿಕದ ಚಂಡಮಾರುತ ಕೇಂದ್ರ ಅದನ್ನು ಕನಿಷ್ಠ 2,500 ಎಂದು ತಿದ್ದಿತು. ನಾಲ್ಕರಲ್ಲಿ ಮೂರು ಪಾಲು ಜನ ವಲಸೆ ಬಂದ ಕೂಲಿಕಾರರು, ಬಹುತೇಕ ಕಪ್ಪು ಜನ. ಊರಿನ ಲೆಕ್ಕದ ಪುಸ್ತಕದಲ್ಲಿ ಹೆಸರಿಲ್ಲದವರನ್ನು ಸತ್ತ ಮೇಲೆ ಎಣಿಸುವುದು ಹೇಗೆ?

ಹರ್ಸ್ಟನ್ ಆ ರಾತ್ರಿ ಅಲ್ಲಿರಲಿಲ್ಲ. 1929ರಲ್ಲಿ ಬಹಾಮಾದಲ್ಲಿದ್ದಾಗ ದಿನಗಟ್ಟಲೆ ಹೊಡೆದ ಒಂದು ಚಂಡಮಾರುತವನ್ನು ಕಂಡಿದ್ದರು. ಉಳಿದದ್ದು ಕೆರೆಯ ಸುತ್ತಲ ಜನರ ಬಾಯಿಂದ ಕೇಳಿದ್ದು. ಹಾಗೆ ಕೇಳಿ ಬರೆದದ್ದೆಂಬ ಗುರುತು ಸಣ್ಣ ವಿವರಗಳಲ್ಲಿದೆ. ನೀರಿನಲ್ಲಿ ನಡೆದು, ಈಜಿ, ಸಿಕ್ಸ್ ಮೈಲ್ ಬೆಂಡ್‌ನ ಸೇತುವೆ ಮುಟ್ಟಿದರೆ ಅಲ್ಲಿ ಕಾಲಿಡಲು ಜಾಗವಿಲ್ಲ. ಆ ಎತ್ತರವನ್ನು ಬಿಳಿಯರು ಮೊದಲೇ ಹಿಡಿದು ಕೂತಿದ್ದಾರೆ. ಸುಸ್ತಾಗಿ ಬಿದ್ದ ಗಂಡನ ಮೇಲೆ ಹೊದಿಸಲೆಂದು ಜೇನೀ ಚಾವಣಿಯ ಟಾರು ಹಾಳೆಯ ತುಂಡೊಂದನ್ನು ಎತ್ತಿಕೊಳ್ಳುತ್ತಾಳೆ. ಗಾಳಿಗೆ ಅದು ಹಾಯಿಯಾಗಿ ಅವಳನ್ನೇ ನೀರಿಗೆ ಎಸೆಯುತ್ತದೆ. ಚಂಡಮಾರುತದಲ್ಲಿ ಹಾಳೆ, ತಗಡು, ಹಲಗೆ ಏನನ್ನೂ ಮುಟ್ಟಬಾರದು ಎಂಬ ಪಾಠ ಇಷ್ಟು ಚೆನ್ನಾಗಿ ಇನ್ನೆಲ್ಲೂ ಬಂದಿರಲಾರದು. ಮಾಡಿದ್ದು ಮಮತೆಯಿಂದ, ಆದದ್ದು ಅನಾಹುತ. ಈಜುತ್ತಿದ್ದ ಹಸುವಿನ ಬಾಲ ಹಿಡಿಯುತ್ತಾಳೆ. ಹಸುವಿನ ಬೆನ್ನ ಮೇಲೊಂದು ನಾಯಿ. ಟೀ ಕೇಕ್ ಚಾಕು ಹಿಡಿದು ಧುಮುಕುತ್ತಾನೆ. ಸಾಯುವ ಮೊದಲು ನಾಯಿ ಅವನ ಕೆನ್ನೆಯ ಮೂಳೆಯ ಮೇಲೆ ಕಚ್ಚುತ್ತದೆ.

ಪಾಮ್ ಬೀಚ್ ತಲುಪಿದ ಮೇಲೆ ಬಂದೂಕು ಹಿಡಿದ ಬಿಳಿಯರು ಅವನನ್ನು ಹೆಣ ಹೂಳುವ ಬಿಟ್ಟಿ ಕೆಲಸಕ್ಕೆ ಎಳೆದೊಯ್ಯುತ್ತಾರೆ. ಅಲ್ಲಿನ ಆಜ್ಞೆ: ಬಿಳಿ ಹೆಣಕ್ಕೆ ಅಗ್ಗದ ಪೈನ್ ಮರದ ಪೆಟ್ಟಿಗೆ, ಕಪ್ಪು ಹೆಣಕ್ಕೆ ಸುಟ್ಟ ಸುಣ್ಣ. ನೀರಿನಲ್ಲಿ ದಿನಗಟ್ಟಲೆ ನೆಂದ ದೇಹದ ಬಣ್ಣ ತಿಳಿಯುವುದೇ ಕಷ್ಟ, ಕೂದಲು ನೋಡಿ ವಿಂಗಡಿಸಬೇಕು. ಇದು ಕಾದಂಬರಿಕಾರ್ತಿಯ ಕಲ್ಪನೆಯಲ್ಲ. ವೆಸ್ಟ್ ಪಾಮ್ ಬೀಚ್‌ನ ವುಡ್‌ಲಾನ್ ಸ್ಮಶಾನದಲ್ಲಿ 69 ಬಿಳಿಯರನ್ನು ಹೂಳಿದರು. ಟಮರಿಂಡ್ ಅವೆನ್ಯೂ ಮತ್ತು 25ನೇ ರಸ್ತೆ ಕೂಡುವಲ್ಲಿನ ಬಡವರ ಹೂಳುನೆಲದಲ್ಲಿ 674 ಕಪ್ಪು ಜನರನ್ನು. ಎರಡನೆಯದಕ್ಕೆ ದಶಕಗಳ ಕಾಲ ಗುರುತಿನ ಕಲ್ಲೂ ಇರಲಿಲ್ಲ. 1960ರಲ್ಲಿ ಅದೇ ಫ್ಲಾರಿಡಾದ ಫೋರ್ಟ್ ಪಿಯರ್ಸ್‌ನಲ್ಲಿ ತೀರಿಕೊಂಡ ಹರ್ಸ್ಟನ್ ಅವರ ಸಮಾಧಿಗೂ ಕಲ್ಲಿರಲಿಲ್ಲ. 1973ರಲ್ಲಿ ಲೇಖಕಿ ಆಲಿಸ್ ವಾಕರ್ ಹುಡುಕಿಕೊಂಡು ಹೋಗಿ ಹಾಕಿಸಿದರು.

ನಾಯಿ ಕಚ್ಚಿದ ವಿಷಯಕ್ಕೆ ಬಂದರೆ, ಬಿರುಗಾಳಿಯಲ್ಲಿ ಉಳಿದವನನ್ನು ರೇಬೀಸ್‌ನಿಂದ ಕೊಂದದ್ದು ಅತಿನಾಟಕ ಎಂದು ಮೂಗು ಮುರಿಯುವವರಿದ್ದಾರೆ. ಅವರು ವೈದ್ಯಶಾಸ್ತ್ರದ ಕಡೆಯಿಂದ ಒಮ್ಮೆ ನೋಡಬೇಕು. ರೇಬೀಸ್ ವೈರಾಣು ರಕ್ತದಲ್ಲಲ್ಲ, ನರದ ಗುಂಟ ಮಿದುಳಿಗೆ ನಡೆಯುತ್ತದೆ. ಕಾಲಿಗೆ ಕಚ್ಚಿದರೆ ದಾರಿ ಉದ್ದ, ಲಕ್ಷಣ ತೋರಲು ತಿಂಗಳುಗಳು. ಮುಖಕ್ಕೆ ಕಚ್ಚಿದರೆ ದಾರಿ ಗೇಣುದ್ದ, ಕೆಲವೇ ವಾರಗಳು. ಕಾದಂಬರಿಯಲ್ಲಿ ನಾಲ್ಕು ವಾರಗಳ ಸುಮಾರಿಗೆ ಟೀ ಕೇಕ್‌ಗೆ ನೀರು ಗಂಟಲಲ್ಲಿ ಇಳಿಯುವುದಿಲ್ಲ. ಊರೇ ನೀರಲ್ಲಿ ಮುಳುಗಿದಾಗ ಬದುಕಿದವನು ಒಂದು ಲೋಟ ನೀರು ಕುಡಿಯಲಾರದೆ ಹೋಗುತ್ತಾನೆ. ಲಕ್ಷಣ ಕಾಣಿಸಿಕೊಂಡ ಮೇಲೆ ಮದ್ದಿಲ್ಲ, ಅಂದೂ ಇಲ್ಲ, ಇಂದೂ ಇಲ್ಲ. ಕಚ್ಚಿದ ತಕ್ಷಣ ಆಗಬೇಕಾದದ್ದು ಇಷ್ಟು: ಹರಿಯುವ ನೀರಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ಗಾಯ ತೊಳೆಯುವುದು, ಲಸಿಕೆ, ಗಾಯದೊಳಕ್ಕೆ ಪ್ರತಿಕಾಯದ ಚುಚ್ಚುಮದ್ದು. 1928ರಲ್ಲಿ ಲಸಿಕೆ ಇತ್ತು. ನಮ್ಮ ಹಿರಿಯರು ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂದು ಹೆದರುತ್ತಿದ್ದ ಆ ಹಳೆಯ ಜಾತಿಯದು, ನಮ್ಮ ಪಕ್ಕದ ಕೂನೂರಿನಲ್ಲೂ ಆ ಹೊತ್ತಿಗೆ ಅದಕ್ಕೆಂದೇ ಪಾಸ್ಟರ್ ಸಂಸ್ಥೆಯಿತ್ತು. ಟೀ ಕೇಕ್‌ಗೆ ಆ ಅವಕಾಶ ಇದ್ದದ್ದು ಪಾಮ್ ಬೀಚಿನಲ್ಲಿದ್ದ ಎರಡು ದಿನ. ಆಗ ಅವನು ಹೆಣಗಳ ಕೂದಲು ನೋಡುತ್ತಿದ್ದ. ಬಂದೂಕಿನವರ ಕಣ್ಣು ತಪ್ಪಿಸಿ ಓಡಿದವನು ಡಾಕ್ಟರ ಬಳಿಗೆ ಹೋಗಲಿಲ್ಲ, ತನ್ನ ಗುರುತು ಇರುವ ಮಕ್‌ಗೆ ಮರಳಿದ.

ಆಮೇಲಿನದು ನಿಮಿಷಗಳ ಲೆಕ್ಕ. ಹುಚ್ಚು ಏರಿದವನ ದಿಂಬಿನಡಿಯ ಪಿಸ್ತೂಲಿನಲ್ಲಿ ಮೂರು ಗುಂಡು ಇರುವುದನ್ನು ಜೇನೀ ಕಾಣುತ್ತಾಳೆ. ತೆಗೆದರೆ ಅವನಿಗೆ ಗೊತ್ತಾದೀತೆಂದು ತೆಗೆಯುವುದಿಲ್ಲ. ಮೊದಲ ಮೂರು ಸಲ ಕುದುರೆ ಖಾಲಿ ಬೀಳುವಂತೆ ಉರುಳೆ ತಿರುಗಿಸಿಡುತ್ತಾಳೆ, ಎಚ್ಚರಿಕೆಯ ಮೂರು ಸದ್ದು. ಮೂರೂ ಸದ್ದಾಗುತ್ತವೆ. ನಾಲ್ಕನೆಯದರ ಹೊತ್ತಿಗೆ, ಅವನೇ ಕಲಿಸಿಕೊಟ್ಟ ಗುರಿಯಿಂದ ಅವನನ್ನು ಹೊಡೆಯುತ್ತಾಳೆ.

ಕೆರೆಗೆ ಆಮೇಲೆ ನಿಜವಾದ ಏರಿ ಬಂತು. ಇಂಜಿನಿಯರೂ ಆಗಿದ್ದ ಅಧ್ಯಕ್ಷ ಹರ್ಬರ್ಟ್ ಹೂವರ್ ಹೆಸರಿನದು, 1930ರ ದಶಕದಲ್ಲಿ ಶುರುವಾಗಿ 1960ರ ದಶಕದವರೆಗೆ ಬೆಳೆದು ಕೆರೆಯ ಸುತ್ತ 143 ಮೈಲಿ ಆಯಿತು. ಅದಕ್ಕೂ ಹಳೆಯ ರೋಗ ಅಂಟಿತ್ತು: ಅಡಿಯ ಪೀಟ್ (ಅರೆಕೊಳೆತ ಗಿಡದ ಶೇಷ) ಪದರ, ಸೀಳಿದ ಸುಣ್ಣಕಲ್ಲಿನ ಮೂಲಕ ನೀರು ಜಿನುಗುತ್ತಾ ತನ್ನ ಜೊತೆ ಮಣ್ಣಿನ ಕಣಗಳನ್ನೂ ಒಯ್ಯುವುದು. ನಮ್ಮಲ್ಲಿ ಏಡಿಬಿಲದಿಂದ ಕೆರೆ ಒಡೆಯಿತೆನ್ನುವುದು ಇದನ್ನೇ. ಏರಿಯ ನಡುವೆ ಮೈಲಿಗಟ್ಟಲೆ ಉದ್ದಕ್ಕೂ ಆಳವಾಗಿ ತಡೆಗೋಡೆ ಇಳಿಸಿ, ಹಳೆಯ ತೂಬುಗಳನ್ನು ಬದಲಿಸಿ, ದುರಸ್ತಿ ಮುಗಿದದ್ದು 2023ರಲ್ಲಿ. ಈ ನಡುವೆ ಕೋಡಿಯ ದಿಕ್ಕೇ ಬದಲಾಗಿದೆ. ತೆಂಕಣಕ್ಕೆ ಹಾಸಿಕೊಂಡು ಹೋಗುತ್ತಿದ್ದ ನೀರನ್ನು ಮೂಡಣದ ಸೇಂಟ್ ಲೂಸಿ, ಪಡುವಣದ ಕಲೂಸಹ್ಯಾಚಿ ಎಂಬ ಎರಡು ದಾರಿಗಳಲ್ಲಿ ಕಡಲಿಗೆ ಬಿಡುತ್ತಾರೆ. ಹೊಲ, ದನದ ಹುಲ್ಲುಗಾವಲುಗಳಿಂದ ಕೆರೆ ಸೇರಿದ ರಂಜಕಕ್ಕೆ ಹಸಿರು ಪಾಚಿ ಹೆಪ್ಪುಗಟ್ಟಿ, 2016ರಲ್ಲಿ, 2018ರಲ್ಲಿ ಅದೂ ಆ ನೀರಿನ ಜೊತೆ ಕರಾವಳಿಗೆ ಹೋಯಿತು. ಹುರುಳಿಕಾಯಿಯ ನೆಲದಲ್ಲಿ ಈಗ ಬಹುಪಾಲು ಕಬ್ಬು.

ನ್ಯಾಯಾಲಯ ಜೇನೀಯನ್ನು ಬಿಡುಗಡೆ ಮಾಡುತ್ತದೆ. ಮಕ್‌ನಲ್ಲಿ ಉಳಿಯದೆ ಅವಳು ಈಟನ್‌ವಿಲ್‌ಗೆ ನಡೆದು ಬರುತ್ತಾಳೆ. ಅಲ್ಲಿಂದ ತಂದದ್ದು ಅಡುಗೆಮನೆಯ ಹಲಗೆಯ ಮೇಲಿದ್ದ ಒಂದು ಪೊಟ್ಟಣ ತರಕಾರಿ ಬೀಜ, ಎದೆಯ ಜೇಬಿನಲ್ಲಿಟ್ಟುಕೊಂಡು. ಬಿತ್ತಬೇಕೆಂದು ಟೀ ಕೇಕ್ ಕೊಂಡಿಟ್ಟಿದ್ದ, ಚಂದ್ರನ ಸರಿಯಾದ ಪಕ್ಷಕ್ಕೆ ಕಾಯುತ್ತಿದ್ದ. ಅಷ್ಟರಲ್ಲಿ ಜ್ವರ ಬಂತು. ಈಟನ್‌ವಿಲ್‌ನದು ಮರಳು ನೆಲ. ಎಷ್ಟು ಹಾಕಿದರೂ ನೀರು ನಿಲ್ಲದೆ ಇಳಿದುಹೋಗುತ್ತದೆ. ಅಲ್ಲಿ ಬೀಜ ಹಾಕಬೇಕೆಂದರೆ ಗೊಬ್ಬರ ಹೊತ್ತು ತರಬೇಕು, ದಿನಾ ನೀರು ಚಿಮುಕಿಸಬೇಕು, ಮೇಲೆ ಎಲೆ ಹೊದಿಸಬೇಕು. ಅವಳು ಬಿತ್ತುವುದಂತೂ ಖಂಡಿತ. ಯಾವ ಬೀಜ ಎಂದು ಹರ್ಸ್ಟನ್ ಬರೆದಿಲ್ಲ.